ಪೆಟ್ ವರದಿಯ ಆ ಅಂಕಿಯನ್ನು ಓದುವುದು ಹೇಗೆ?

ಮೈಯಲ್ಲಿ ಸಕ್ಕರೆ ಹೆಚ್ಚು ಹೀರುವ ಜಾಗಗಳನ್ನು ತೋರಿಸುವ ಸ್ಕ್ಯಾನ್ ಪೆಟ್-ಸಿಟಿ. ಸ್ತನ ಕ್ಯಾನ್ಸರ್‌ನ ಪೆಟ್-ಸಿಟಿ ವರದಿ ಕೈಗೆ ಬಂದ ಕೂಡಲೇ ಮನೆಯವರೆಲ್ಲರ ಕಣ್ಣು ಹುಡುಕುವುದು ‘ಎಸ್‌ಯುವಿ ಮ್ಯಾಕ್ಸ್’ ಎಂಬ ಅಂಕಿಯನ್ನು, ಅಂದರೆ ಗಡ್ಡೆಯ ಹೀರುವಿಕೆಯ ಗರಿಷ್ಠ ಅಳತೆಯನ್ನು. 8 ಎಂದಿದ್ದರೆ ಎದೆ ಧಸಕ್ಕೆನ್ನುತ್ತದೆ, 3 ಎಂದಿದ್ದರೆ ನಿಟ್ಟುಸಿರು. ಎರಡೂ ಅವಸರವೇ.

ಮೊದಲು ಅಂಕಿ ಹುಟ್ಟುವ ಬಗೆ ತಿಳಿಯಿರಿ. ಕ್ಯಾನ್ಸರ್ ಕೋಶಗಳಿಗೆ ಸಕ್ಕರೆಯ ಹಸಿವು ಹೆಚ್ಚೆಂದು ಜರ್ಮನಿಯ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಕಂಡುಕೊಂಡಿದ್ದರು. ರಕ್ತನಾಳಕ್ಕೆ ಚುಚ್ಚುವ ಎಫ್‌ಡಿಜಿ, ವಿಕಿರಣ ಸೂಸುವ ಫ್ಲೋರಿನ್-18 ಹೊತ್ತ ಗ್ಲೂಕೋಸಿನ ತದ್ರೂಪಿ. ಕೋಶ ಅದನ್ನು ಸಕ್ಕರೆಯೆಂದೇ ನುಂಗುತ್ತದೆ, ಅರಗಿಸಲಾರದೆ ಒಳಗೇ ಇಟ್ಟುಕೊಳ್ಳುತ್ತದೆ. 60 ಕಿಲೋ ತೂಕದವರಿಗೆ 300 ಮೆಗಾಬೆಕರೆಲ್ (ಬೆಕರೆಲ್ ವಿಕಿರಣದ ಅಳತೆ) ಎಫ್‌ಡಿಜಿ ಕೊಟ್ಟರು ಎನ್ನಿ. ಅದು ಮೈತುಂಬ ಸಮನಾಗಿ ಹರಡಿದ್ದರೆ ಗ್ರಾಂಗೆ 5 ಕಿಲೋಬೆಕರೆಲ್. ಗಡ್ಡೆಯಲ್ಲಿ ಗ್ರಾಂಗೆ 40 ಸಿಕ್ಕರೆ, ಅಂದರೆ ಅದರ ಎಂಟು ಪಟ್ಟು, ಎಸ್‌ಯುವಿ 8. ಲೆಕ್ಕ ಇಷ್ಟೇ.

ಲೆಕ್ಕ ಸರಿಯಿರಬೇಕಾದರೆ ತಯಾರಿಯೂ ಸರಿಯಿರಬೇಕು. ಹಿಂದಿನ ದಿನ ಮೈಮುರಿಯುವ ಕೆಲಸ, ವ್ಯಾಯಾಮ ಬೇಡ. ಸ್ಕ್ಯಾನ್‌ಗೆ ಮುಂಚೆ 4ರಿಂದ 6 ಗಂಟೆ ಉಪವಾಸ; ನೀರು ಕುಡಿಯಬಹುದು, ಸಕ್ಕರೆ ಹಾಕಿದ ಕಾಫಿ ಕೂಡದು. ಮಧುಮೇಹಿಗಳು ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ವಿಚಾರಿಸಬೇಕು: ರಕ್ತದ ಸಕ್ಕರೆ 200 ದಾಟಿದ್ದರೆ ಸಾಮಾನ್ಯವಾಗಿ ದಿನವನ್ನೇ ಮುಂದೂಡುತ್ತಾರೆ. ಸೂಜಿ ರೋಗವಿಲ್ಲದ ಕಡೆಯ ತೋಳಿಗಿರಲಿ. ಆಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಒರಗಿರಬೇಕು. ಹವಾನಿಯಂತ್ರಿತ ಕೋಣೆಯಲ್ಲಿ ನಡುಗುತ್ತಾ ಕುಳಿತರೆ ಮೈ ಬೆಚ್ಚಗಿಡಲು ಸಕ್ಕರೆ ಉರಿಸುವ ಕುತ್ತಿಗೆಯ ಕಂದು ಕೊಬ್ಬು ಗಂಟಿನಂತೆ ಬೆಳಗಿ ಗಾಬರಿ ಹುಟ್ಟಿಸುತ್ತದೆ. ಹೊದಿಕೆ ಕೇಳಲು ಸಂಕೋಚ ಬೇಡ.

ಇನ್ನು ಓದುವ ಸರದಿ. ಎಸ್‌ಯುವಿ ಹೆಚ್ಚಿದ್ದರೆ ಗಡ್ಡೆ ಚುರುಕಾಗಿ ಬೆಳೆಯುವ ಜಾತಿಯದ್ದಿರಬಹುದು. ಹಾರ್ಮೋನ್ ಗ್ರಾಹಕಗಳೂ ಹರ್2 ಕೂಡ ಇಲ್ಲದ ಟ್ರಿಪಲ್ ನೆಗೆಟಿವ್ ಬಗೆಯಲ್ಲಿ ಇದು ಸಾಮಾನ್ಯ (ಗ್ರಾಹಕವೆಂದರೆ ಬೆಳೆಯುವ ಸೂಚನೆ ಹಿಡಿಯುವ ಕೋಶದ ಪ್ರೋಟೀನು). ಆದರೆ ಕಡಿಮೆಯಿದ್ದರೆ ಸೌಮ್ಯವೆಂದು ನಂಬಬೇಡಿ. ಹಾಲಿನ ಗ್ರಂಥಿಗಳಿಗೆ ಸಂಬಂಧಿಸಿದ ಲೋಬ್ಯುಲರ್ ಬಗೆಯ ಕ್ಯಾನ್ಸರ್ ಸ್ವಭಾವತಃ ಮಂಕಾಗಿಯೇ ಕಾಣುತ್ತದೆ, ಒಂದು ಸೆಂಟಿಮೀಟರ್‌ಗಿಂತ ಚಿಕ್ಕ ಗಡ್ಡೆ ಕಾಣದೆಯೂ ಹೋಗಬಹುದು. ಕಂಕುಳಿನ ಗ್ರಂಥಿ ಹೊಳೆದರೂ ಅದು ಕ್ಯಾನ್ಸರೇ ಆಗಬೇಕಿಲ್ಲ. ಕ್ಷಯ, ಇತ್ತೀಚಿನ ಲಸಿಕೆ ಕೂಡ ಹಾಗೆಯೇ ಹೊಳೆಸುತ್ತವೆ. ಅದನ್ನು ತೀರ್ಮಾನಿಸುವುದು ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ. ರೋಗ ಮುಂದೆ ಯಾವ ದಾರಿ ಹಿಡಿದೀತು ಎಂಬುದಕ್ಕೆ ಹಂತ (ರೋಗ ಎಷ್ಟು ಹರಡಿದೆ), ದರ್ಜೆ (ಕೋಶಗಳು ಎಷ್ಟು ಬದಲಾಗಿವೆ), ಹಾರ್ಮೋನ್ ಮತ್ತು ಹರ್2 ಗ್ರಾಹಕಗಳ ವರದಿಯೇ ಮುಖ್ಯ; ಪೆಟ್ ಅವುಗಳ ಜೊತೆಗಾರ. ಆರಂಭದ ಹಂತದಲ್ಲಿ, ರೋಗಲಕ್ಷಣಗಳಿಲ್ಲದಿದ್ದರೆ, ಎಲ್ಲರಿಗೂ ಅದರ ಅಗತ್ಯವಿರುವುದಿಲ್ಲ.

ಪೆಟ್‌ನ ನಿಜವಾದ ಕಸುವು ಹೋಲಿಕೆಯಲ್ಲಿದೆ. ಗಡ್ಡೆಯ ಗಾತ್ರ ಕುಗ್ಗುವ ಮುಂಚೆಯೇ ಅದರ ಸಕ್ಕರೆ ಹಸಿವು ಇಳಿಯಬಹುದು. ಕಿಮೋಗೆ ಮುಂಚೆ 8 ಇದ್ದದ್ದು ನಂತರ 4ಕ್ಕೆ ಇಳಿದರೆ ಔಷಧ ನಾಟುತ್ತಿದೆ ಎನ್ನಲು ಕಾರಣವುಂಟು. ಆದರೆ ಸೂಜಿ ಚುಚ್ಚಿದ ಮೇಲೆ ಒಂದು ಸಲ 45 ನಿಮಿಷಕ್ಕೆ, ಇನ್ನೊಂದು ಸಲ 90 ನಿಮಿಷಕ್ಕೆ ಚಿತ್ರ ತೆಗೆದಿದ್ದರೆ ಈ ಹೋಲಿಕೆ ಕೆಡುತ್ತದೆ. ಹಾಗಾಗಿ ಸಾಧ್ಯವಾದರೆ ಎರಡನೆಯ ಸಲವೂ ಅದೇ ಕೇಂದ್ರಕ್ಕೆ, ಅದೇ ಯಂತ್ರಕ್ಕೆ ಹೋಗಿ. ಹಳೆಯ ವರದಿಯ ಜೊತೆ ಚಿತ್ರಗಳ ಸಿಡಿಯನ್ನೂ ಚೀಲದಲ್ಲಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವುದು ಅದನ್ನೇ.