ಪರದೆಗೂ ಒಂದು ಹೊಸ್ತಿಲು ಬೇಕಿತ್ತು

2020ರಲ್ಲಿ ಜನ ಮನೆಯೊಳಗೇ ಉಳಿದಿದ್ದಾಗ, ತಮ್ಮವರ ಕೊನೆಯ ಮುಖ ನೋಡಲಾಗದ ಹದಿನೆಂಟು ಮಂದಿಯ ಜೊತೆ ಸೇರಿ ಒಂದು ಆಚರಣೆ ಕಟ್ಟುವ ಕೆಲಸ ಹಿಡಿದೆ. ಅಲ್ಲಿಯವರೆಗೆ ನಾನು ಮಾಡಿದ ಸಮುದಾಯ ಕಲೆಯೆಲ್ಲ ಒಂದೇ ಜಾಗದಲ್ಲಿ, ನೆಲದ ಮೇಲೆ ದುಂಡಗೆ ಕೂತು ನಡೆದದ್ದು. ಈ ಸಲ ಇದ್ದದ್ದು ವಿಡಿಯೋ ಕರೆ ಮಾತ್ರ.

ಅಗಲಿದವರ ಹೆಸರುಗಳನ್ನು ಎಲ್ಲರೂ ಒಟ್ಟಿಗೆ, ಒಂದೇ ದನಿಯಲ್ಲಿ ಹೇಳುವುದೆಂದು ಮೊದಲ ದಿನಕ್ಕೆ ಗೊತ್ತು ಮಾಡಿದ್ದೆ. ಎದುರುಬದುರು ಕೂತಾಗ ಇದು ಕೈಕೊಟ್ಟದ್ದೇ ಇಲ್ಲ. ಪರದೆಯ ಮೇಲೆ ಅರ್ಧ ನಿಮಿಷವೂ ನಿಲ್ಲಲಿಲ್ಲ. ಹೆಸರುಗಳು ತುಂಡಾದವು, ಒಬ್ಬರ ದನಿ ಇನ್ನೊಬ್ಬರದನ್ನು ನುಂಗಿತು. ಒಬ್ಬ ಮಹಿಳೆ ತನ್ನ ತಾಯಿಯ ಹೆಸರನ್ನು ಮೂರು ಸಲ ಹೇಳಿದರು. ಮೂರು ಸಲವೂ ಅದು ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ಅವರು ಸುಮ್ಮನಾದರು. ಆ ಮೌನ ನನಗೆ ಈಗಲೂ ನೆನಪಿದೆ.

ತಪ್ಪು ನನ್ನದೇ. ಆ ತಂತ್ರಾಂಶ ಮಾತುಕತೆಗೆಂದು ಮಾಡಿದ್ದು. ಮಾತಾಡುತ್ತಿರುವ ಒಂದು ದನಿಯನ್ನು ಮುಂದೆ ತಂದು, ಉಳಿದದ್ದನ್ನು ಗದ್ದಲವೆಂದೋ ಪ್ರತಿಧ್ವನಿಯೆಂದೋ ತಗ್ಗಿಸಿಬಿಡುತ್ತದೆ. ಜೊತೆಗೆ ದನಿ ತಲುಪಲು ಹಿಡಿಯುವ ಹೊತ್ತು ಬೇರೆ. ಸುಮಾರು 30 ಮಿಲಿಸೆಕೆಂಡು ದಾಟಿದರೆ ಸಂಗೀತಗಾರರಿಗೇ ತಾಳ ಹಿಡಿಯುವುದು ಕಷ್ಟ. ಮಾಮೂಲಿ ಕರೆಯಲ್ಲಿ ತಡ ಅದಕ್ಕಿಂತ ಎಷ್ಟೋ ಹೆಚ್ಚು. ಆಗದ ಏಕದನಿಗೆ ಜೋತುಬೀಳುವುದನ್ನು ಅಲ್ಲಿಗೇ ಬಿಟ್ಟೆ.

ಮುಂದಿನ ವಾರ ಎಲ್ಲರ ಮೈಕೂ ಬಂದ್. ಸರದಿಯಂತೆ ಒಬ್ಬರು ಮಾತ್ರ ಮೈಕ್ ತೆರೆದು ತಮ್ಮವರ ಹೆಸರು ಹೇಳಬೇಕು. ಉಳಿದವರು ತಮ್ಮ ತಮ್ಮ ಕೋಣೆಯಲ್ಲಿ ಅದನ್ನೇ ಗಟ್ಟಿಯಾಗಿ ಮರುನುಡಿಯಬೇಕು. ಪರದೆ ತುಂಬ ಅಲುಗುವ ತುಟಿಗಳು, ಕಿವಿಗೆ ತನ್ನದೊಂದೇ ದನಿ. ಆ ತಾಯಿಯ ಹೆಸರನ್ನು ಅಂದು ಹದಿನೆಂಟು ಕೋಣೆಗಳಲ್ಲಿ ಹೇಳಿದೆವು.

ಇನ್ನೊಂದು ಬದಲಾವಣೆಗೆ ದಾರಿ ತೋರಿಸಿದ್ದು ಹಳೆಯದೊಂದು ಕಲಾಕೃತಿ. 1980ರ ನವೆಂಬರಿನಲ್ಲಿ ಕಿಟ್ ಗ್ಯಾಲವೇ ಮತ್ತು ಶೆರಿ ರಾಬಿನೋವಿಟ್ಜ್ 'ಹೋಲ್ ಇನ್ ಸ್ಪೇಸ್' ಹೆಸರಿನಲ್ಲಿ ನ್ಯೂಯಾರ್ಕಿನ ಒಂದು ಬೀದಿಬದಿಯನ್ನೂ ಲಾಸ್ ಏಂಜಲೀಸಿನ ಇನ್ನೊಂದನ್ನೂ ಉಪಗ್ರಹದ ಮೂಲಕ ಮೂರು ಸಂಜೆ ಜೋಡಿಸಿದ್ದರು. ಫಲಕವಿಲ್ಲ, ವಿವರಣೆಯಿಲ್ಲ; ಆಳೆತ್ತರದಲ್ಲಿ ಆಚೆ ಊರಿನ ಜನ ಮಾತ್ರ. ಮೂರನೆಯ ಸಂಜೆಯ ಹೊತ್ತಿಗೆ ದೂರವಾಗಿದ್ದ ಬಂಧುಗಳು ಮೊದಲೇ ಹೇಳಿಕೊಂಡು ಬಂದು ನಿಂತಿದ್ದರು. ನನ್ನನ್ನು ಹಿಡಿದದ್ದು ಬೇರೆಯದೇ ವಿವರ: ಅಲ್ಲಿ ಯಾರಿಗೂ ತಮ್ಮ ಮುಖ ಕಾಣುತ್ತಿರಲಿಲ್ಲ. ನಾವೂ ನಮ್ಮದೇ ಚಿತ್ರ ಕಾಣದಂತೆ ಮರೆಮಾಡಿದೆವು. ಅಳುವಾಗ ತನ್ನ ಮುಖವನ್ನು ತಾನೇ ನೋಡಿಕೊಂಡಿರಬೇಕಾದ್ದು ಕ್ರೂರ.

ಆದರೂ ಏನೋ ಕೊರತೆ. ಆಚರಣೆಗೆ ಬೇರ್ಪಡುವುದು, ಹೊಸ್ತಿಲಲ್ಲಿ ನಿಲ್ಲುವುದು, ಮತ್ತೆ ಸೇರಿಕೊಳ್ಳುವುದು ಎಂಬ ಮೂರು ಹಂತಗಳನ್ನು ಜನಪದ ಆಚರಣೆಗಳ ವಿದ್ವಾಂಸ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲೇ ಗುರುತಿಸಿದ್ದ. ಒಂದು ಜಾಗಕ್ಕೆ ನಡೆದು ಹೋಗುವಾಗ ಮೊದಲನೆಯದೂ ಕೊನೆಯದೂ ದಾರಿಯಲ್ಲೇ ಆಗಿಬಿಡುತ್ತವೆ. ಇಲ್ಲಿ ಒಂದು ಗುಂಡಿ ಒತ್ತಿದರೆ ಒಳಗೆ, ಇನ್ನೊಂದು ಒತ್ತಿದರೆ ಹೊರಗೆ. 'ಕರೆ ಮುಗಿದು ಪರದೆ ಕಪ್ಪಾದಾಗ ಅವರು ಎರಡನೇ ಸಲ ಹೋದಂತಾಯಿತು' ಎಂದು ಒಬ್ಬರು ಬರೆದು ಕಳಿಸಿದರು. ಎರಡು ದಿನ ನನಗೆ ನಿದ್ದೆ ಬರಲಿಲ್ಲ.

ಹೊಸ್ತಿಲನ್ನು ಎಲ್ಲರೂ ಕೂಡಿಯೇ ಕಟ್ಟಿದೆವು. ಸೇರುವ ಮುನ್ನ ಹತ್ತು ನಿಮಿಷ ಫೋನು ಬದಿಗಿಟ್ಟು, ಅಗಲಿದವರದೊಂದು ವಸ್ತುವನ್ನು ಕೈಯಲ್ಲಿ ಹಿಡಿದು ಕೂರುವುದು. ಒಳಗೆ ಬಂದವರು ಮೊದಲು ಆ ವಸ್ತುವನ್ನು ಕ್ಯಾಮೆರಾದ ಮುಂದೆ ಹಿಡಿಯುವುದು; ಮುಖ ಆಮೇಲೆ. ಹೊರಡುವಾಗ ಒಬ್ಬೊಬ್ಬರೇ, ಮುಂದಿನವರ ಹೆಸರು ಹೇಳಿ ಬೀಳ್ಕೊಂಡು. ಧ್ವನಿಮುದ್ರಣ ಬೇಡವೆಂದು ಗುಂಪೇ ತೀರ್ಮಾನಿಸಿತು. ಹಾಗಾಗಿ ಪ್ರದರ್ಶನಕ್ಕಿಡಲು ನನ್ನ ಬಳಿ ಏನೂ ಇಲ್ಲ. ಅದು ಸರಿಯಾದ ತೀರ್ಮಾನವೇ. ದುಃಖದ ಕಲೆಯಲ್ಲಿ ದಾಖಲೆ ಕಲಾವಿದರ ಹಕ್ಕಲ್ಲ. ಆಪ್ತಸಮಾಲೋಚಕರೊಬ್ಬರು ಪ್ರತಿ ಸಭೆಯಲ್ಲೂ ಇದ್ದರು. ಇಂಥ ಕೆಲಸಕ್ಕೆ ಅವರಿಲ್ಲದೆ ಇಳಿಯಬೇಡಿ.

ಕಡೆಗೆ ಉಳಿದು ಕರೆ ಮುಗಿಸುವುದು ಮೊದಲು ನನ್ನ ಪಾಲಿಗಿತ್ತು. ನಾಲ್ಕನೆಯ ವಾರ, ತಾಯಿಯ ಹೆಸರು ಕೇಳಿಸದೆ ಹೋದ ಆ ಮಹಿಳೆ, 'ಇವತ್ತು ನೀವು ಮೊದಲು ಹೊರಡಿ, ಬಾಗಿಲು ನಾನು ಹಾಕ್ತೀನಿ' ಎಂದರು. ನಾನು ಅವರ ಹೆಸರು ಹೇಳಿ ಹೊರಟೆ.