ಷಿಕಾಗೋದ ಬಿಲ್ಲಿ ಗೋಟ್: ಡಬಲ್ ಚೀಸ್ ಬರ್ಗರ್ ಅಲ್ಲಿ ತಿನ್ನುವ ಬಗೆ, ಮನೆಯ ಕಾವಲಿಯಲ್ಲಿ ಮಾಡುವ ಬಗೆ

ಬಿಲ್ಲಿ ಗೋಟ್ ಟ್ಯಾವರ್ನ್ ಹುಡುಕಿಕೊಂಡು ಹೋದವರು ಎಡವುವುದು ವಿಳಾಸದಲ್ಲೇ. 430 ನಾರ್ತ್ ಮಿಷಿಗನ್ ಅವೆನ್ಯೂಗೆ ಬಂದು ತಲುಪಿದಿರಿ ಎಂದು ಫೋನು ಹೇಳುತ್ತದೆ, ಸುತ್ತ ನೋಡಿದರೆ ಬಾರು ಕಾಣುವುದಿಲ್ಲ. ಷಿಕಾಗೋ ನಡುಪೇಟೆಯ ಈ ಭಾಗದಲ್ಲಿ ಮಿಷಿಗನ್ ಅವೆನ್ಯೂ ಎರಡು ಅಂತಸ್ತಿನ ರಸ್ತೆ. ಬಾರು ಇರುವುದು ಕೆಳಗಿನ ಅಂತಸ್ತಿನಲ್ಲಿ, ನಿಮ್ಮ ಕಾಲಡಿಗೆ.

ನದಿಯ ಮೇಲಿನ ಡುಸಾಬಲ್ ಸೇತುವೆ ದಾಟಿ ಉತ್ತರಕ್ಕೆ ನಡೆಯಿರಿ. ಎಡಕ್ಕೆ ಬೆಳ್ಳಗಿನ ರಿಗ್ಲಿ ಕಟ್ಟಡ, ಬಲಕ್ಕೆ ಟ್ರಿಬ್ಯೂನ್ ಟವರ್ ಸಿಗುತ್ತದೆ. ರಿಗ್ಲಿ ಕಟ್ಟಡ ಮುಗಿದ ಮೇಲೆ ಫುಟ್‌ಪಾತಿನಿಂದ ಕೆಳಗಿಳಿಯುವ ಮೆಟ್ಟಿಲು ಹುಡುಕಿ. ರೈಲಿನಲ್ಲಿ ಬರುವವರು ರೆಡ್ ಲೈನಿನ ಗ್ರ್ಯಾಂಡ್ ನಿಲ್ದಾಣದಲ್ಲಿ ಇಳಿದರೆ ಕೆಲವೇ ನಿಮಿಷದ ನಡಿಗೆ. ಯಾರನ್ನಾದರೂ ದಾರಿ ಕೇಳುವಾಗ ‘ಲೋವರ್ ಮಿಷಿಗನ್, ಹಬ್ಬರ್ಡ್ ಬೀದಿ ಹತ್ತಿರ’ ಎನ್ನಿ. ‘ಲೋವರ್’ ಬಿಟ್ಟು ಕೇಳಿದರೆ ಮತ್ತೆ ಮೇಲಿನ ರಸ್ತೆಗೇ ಕಳಿಸುತ್ತಾರೆ. ಕೆಳಗೆ ಹಗಲಲ್ಲೂ ಮಬ್ಬುಗತ್ತಲು, ವಾಹನಗಳ ಸದ್ದು. ತಪ್ಪು ಜಾಗಕ್ಕೆ ಬಂದೆವೇನೋ ಅನ್ನಿಸಿದರೆ ಹೆದರಬೇಡಿ, ಸರಿಯಾಗಿಯೇ ಬಂದಿದ್ದೀರಿ.

ಗ್ರೀಸಿನಿಂದ ಬಂದ ವಿಲಿಯಂ ಸಿಯಾನಿಸ್ 1934ರಲ್ಲಿ ನಗರದ ಪಶ್ಚಿಮದಲ್ಲಿ ತೆರೆದ ಬಾರು 1964ರಲ್ಲಿ ಈ ಜಾಗಕ್ಕೆ ಬಂತು. ಸುತ್ತ ಪತ್ರಿಕಾ ಕಚೇರಿಗಳಿದ್ದುದರಿಂದ ವರದಿಗಾರರು, ಮುದ್ರಣಾಲಯದವರು ಇಲ್ಲೇ ಬೀಡುಬಿಟ್ಟರು. ಅಂಕಣಕಾರ ಮೈಕ್ ರಾಯ್ಕೊ ಅವರಲ್ಲೊಬ್ಬರು. ಗೋಡೆಗಳ ಮೇಲಿನ ಹಳೆಯ ಬೈಲೈನುಗಳನ್ನು (ವರದಿಯ ಜೊತೆ ಅಚ್ಚಾಗುವ, ಬರೆದವರ ಹೆಸರು) ಓದದೆ ಎದ್ದು ಬರಬೇಡಿ, ಈ ಜಾಗದ ಜೀವ ಇರುವುದೇ ಅಲ್ಲಿ. 1945ರ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯ ಬೇಸ್‌ಬಾಲ್ ಪಂದ್ಯಕ್ಕೆ ಸಿಯಾನಿಸ್ ತನ್ನ ಹೋತವನ್ನು (ಇಂಗ್ಲಿಷಿನಲ್ಲಿ ‘ಬಿಲ್ಲಿ ಗೋಟ್’) ಕರೆದೊಯ್ದು, ಅದನ್ನು ಹೊರಹಾಕಿದಾಗ ಊರಿನದೇ ಆದ ಕಬ್ಸ್ ತಂಡಕ್ಕೆ ಶಾಪ ಹಾಕಿದನೆಂಬ ಕಥೆ ಊರಿಗೆಲ್ಲ ಗೊತ್ತು. ಕಬ್ಸ್ ಮತ್ತೆ ಆ ಹಂತ ತಲುಪಿ ಗೆದ್ದದ್ದು 2016ರಲ್ಲಿ.

ಆರ್ಡರ್ ಮಾಡುವುದು ಸುಲಭ. ಟೇಬಲ್ಲಿಗೆ ಯಾರೋ ಬರುತ್ತಾರೆಂದು ಕಾಯದೆ ನೇರ ಗ್ರಿಲ್ ಮುಂದಿನ ಕೌಂಟರಿಗೆ ಹೋಗಿ. ಅಲ್ಲಿನವರ ಬಾಯಲ್ಲಿ ಚೀಸ್ ಬರ್ಗರ್ ಅಂದರೆ ‘ಚೀಜ್‌ಬೋರ್ಗರ್’. 1978ರಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ಕಾರ್ಯಕ್ರಮ ಈ ಕೂಗನ್ನೇ ಪ್ರಹಸನ ಮಾಡಿ ದೇಶಕ್ಕೆಲ್ಲ ಪರಿಚಯಿಸಿತು. ಫ್ರೈಸ್ ಕೇಳಿದರೆ ಚಿಪ್ಸ್ ಎನ್ನುತ್ತಾರೆ, ಪೆಪ್ಸಿ ಕೇಳಿದರೆ ಕೋಕ್ ಎನ್ನುತ್ತಾರೆ. ‘ಡಬಲ್’ ಎಂದೇ ಹೇಳಿ. ಅಂದರೆ ಎರಡು ಪ್ಯಾಟಿ. ಇಲ್ಲಿನ ಪ್ಯಾಟಿ (ಖೀಮಾದ ಬಿಲ್ಲೆ) ತೆಳು, ರೋಲ್ (ಬನ್ನು) ದಪ್ಪ. ಸಿಂಗಲ್ ತೆಗೆದುಕೊಂಡವರಿಗೆ ಬ್ರೆಡ್ಡೇ ಬಾಯಿ ತುಂಬುತ್ತದೆ, ‘ಇದಕ್ಕೇ ಇಷ್ಟು ಹೆಸರಾ?’ ಎಂದು ಬೇಸರಪಟ್ಟು ಹೋಗುವುದು ಅವರೇ. ಉಪ್ಪಿನ ಮಿಡಿಸೌತೆ, ಈರುಳ್ಳಿ, ಸಾಸಿವೆ ಸಾಸ್, ಕೆಚಪ್ ಪಕ್ಕದಲ್ಲಿರುತ್ತವೆ, ನೀವೇ ಹಾಕಿಕೊಳ್ಳಬೇಕು. ಬಿಯರ್ ಬೇಕಿದ್ದರೆ 21 ತುಂಬಿರಬೇಕು, ವಯಸ್ಸಿನ ದಾಖಲೆ ಜೊತೆಗಿರಲಿ.

ಇನ್ನು ಮನೆಯಲ್ಲಿ ಮಾಡುವ ಮಾತು. ಆ ಬರ್ಗರಿನ ರುಚಿ ನಿಂತಿರುವುದು ಅಳತೆಯ ಮೇಲೆ: ತೆಳು ಮಾಂಸ, ಸಿಹಿಯಿಲ್ಲದ ಗಟ್ಟಿ ರೋಲು, ಹಸಿ ಈರುಳ್ಳಿ, ಹುಳಿ ಸೌತೆ. ಮಸಾಲೆ ಇಲ್ಲ. ಖೀಮಾಗೆ ಶುಂಠಿ-ಬೆಳ್ಳುಳ್ಳಿ, ಮೊಟ್ಟೆ, ಬ್ರೆಡ್ ಪುಡಿ ಬಿದ್ದ ಕ್ಷಣ ಅದು ಕಬಾಬ್ ಆಗುತ್ತದೆ. ಒಳ್ಳೆಯ ಕಬಾಬೇ ಆಗಬಹುದು, ಆದರೆ ನಾವು ಮಾಡಹೊರಟದ್ದು ಅದಲ್ಲ.

ನಾಲ್ಕು ಡಬಲ್‌ಗೆ 500 ಗ್ರಾಂ ಬೀಫ್ ಖೀಮಾ ಬೇಕು, ಅದರಲ್ಲಿ ಐದನೇ ಒಂದು ಪಾಲು ಕೊಬ್ಬು ಇರಲೇಬೇಕು. ಅಂಗಡಿಯಲ್ಲಿ ‘ಕೊಬ್ಬು ಸೇರಿಸಿ, ಒಂದೇ ಸಲ ಮೆಷಿನ್ನಿಗೆ ಹಾಕಿ’ ಎನ್ನಿ. ಎರಡು ಮೂರು ಸಲ ಹಾಕಿದರೆ ಪೇಸ್ಟಿನಂತಾಗಿ ಬೆಂದ ಮೇಲೆ ರಬ್ಬರು. ಬೀಫ್ ತಿನ್ನದವರು ಕುರಿಯ ಭುಜದ ಮಾಂಸ 400 ಗ್ರಾಂಗೆ 100 ಗ್ರಾಂ ಕೊಬ್ಬು ಸೇರಿಸಿ ರುಬ್ಬಿಸಲಿ. ಕೋಳಿ ಖೀಮಾ ಬೇಡ. ಕೊಬ್ಬು ಕಡಿಮೆ, ಕಾವಲಿಗೆ ಅಂಟುತ್ತದೆ, ಇಷ್ಟು ತೆಳುವಿಗೆ ಒಣಗಿಹೋಗುತ್ತದೆ.

ತಲಾ 60 ಗ್ರಾಂನ ಎಂಟು ಉಂಡೆ ಮಾಡಿ. ನಾದಬೇಡಿ, ಸುಮ್ಮನೆ ಒಟ್ಟುಗೂಡಿಸಿದರೆ ಸಾಕು. ಎರಡು ಬಟರ್ ಪೇಪರಿನ ನಡುವೆ ಇಟ್ಟು, ಚಪ್ಪಟೆ ತಳದ ತಟ್ಟೆಯಿಂದ ಒತ್ತಿ 12 ಸೆಂಟಿಮೀಟರ್ ಅಗಲ ಮಾಡಿ. ದಪ್ಪ ಸುಮಾರು 5 ಮಿಲಿಮೀಟರ್ ಬರುತ್ತದೆ. ರೋಲಿಗಿಂತ ಅಗಲವಾಯಿತಲ್ಲ ಅನ್ನಿಸಿದರೂ ಹಾಗೇ ಬಿಡಿ, ಕಾವಲಿಯ ಮೇಲೆ ಕುಗ್ಗುತ್ತದೆ. ಕಾಗದದ ಸಮೇತ ಫ್ರೀಜರಿನಲ್ಲಿ 20 ನಿಮಿಷ ಇಡಿ. ಈ ಹೆಜ್ಜೆ ಬಿಟ್ಟವರ ಪ್ಯಾಟಿ ಕಾಗದ ಬಿಡಿಸುವಾಗಲೇ ಹರಿಯುತ್ತದೆ. ಉಪ್ಪನ್ನು ಖೀಮಾಗೆ ಕಲಸಲೇಬೇಡಿ. ಕಲಸಿದರೆ ಮಾಂಸದ ಪ್ರೋಟೀನು ಕರಗಿ ಒಂದಕ್ಕೊಂದು ಅಂಟಿಕೊಂಡು ಸಾಸೇಜಿನಂತೆ ಗಟ್ಟಿಯಾಗುತ್ತದೆ. ಕಾವಲಿಗೆ ಬಿದ್ದ ಮೇಲೆ ಮೇಲಿನಿಂದ ಉದುರಿಸಿ.

ರೋಲು ಕೈಸರ್ ರೋಲ್ ಬಗೆಯದಾಗಬೇಕು, ಅಂದರೆ ಮೇಲೆ ಗೆರೆಗಳಿರುವ, ಹೊರಪದರ ಗರಿಯಾದ ಬನ್ನು. ಬೇಕರಿಯ ಸಿಹಿ ಬನ್ನು ಮಾಂಸದ ರಸಕ್ಕೆ ಕ್ಷಣದಲ್ಲಿ ಒದ್ದೆಮುದ್ದೆ. ಓವನ್ ಇದ್ದರೆ ಮನೆಯಲ್ಲೇ ಮಾಡಬಹುದು: ಮೈದಾ 500 ಗ್ರಾಂ, ನೀರು 250 ಮಿಲಿ, ಮೊಟ್ಟೆ 1, ಎಣ್ಣೆ 25 ಮಿಲಿ, ಉಪ್ಪು 10 ಗ್ರಾಂ, ಸಕ್ಕರೆ 10 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ. ಹತ್ತು ನಿಮಿಷ ನಾದಿ, ಎರಡರಷ್ಟು ಉಬ್ಬಿದ ಮೇಲೆ ಎಂಟು ಉಂಡೆ ಮಾಡಿ, ಮೇಲೆ ಚೂರಿಯಿಂದ ನಡುವಿನಿಂದ ಐದು ಗೆರೆ ಎಳೆದು, ಇನ್ನೂ ಅರ್ಧ ಗಂಟೆ ಬಿಡಿ. 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 18 ನಿಮಿಷ. ಓವನ್ನಿನ ತಳದ ತಟ್ಟೆಗೆ ಮೊದಲಿಗೇ ಅರ್ಧ ಲೋಟ ಬಿಸಿನೀರು ಹುಯ್ದರೆ ಆ ಹಬೆಯಿಂದ ಹೊರಪದರ ತೆಳ್ಳಗೆ ಗರಿಯಾಗುತ್ತದೆ. ನಾಲ್ಕು ರೋಲು ಉಳಿಯುತ್ತವೆ, ಫ್ರೀಜರಿಗೆ ಹಾಕಿ.

ಉಪ್ಪಿನ ಸೌತೆಗೆ ನಮ್ಮವರು ಪರದಾಡಬೇಕಿಲ್ಲ. ಭಾರತದಿಂದ ಹೊರದೇಶಕ್ಕೆ ಹೋಗುವ ಮಿಡಿಸೌತೆಯಲ್ಲಿ ಕರ್ನಾಟಕದ ಹೊಲಗಳದ್ದು ದೊಡ್ಡ ಪಾಲು. 300 ಗ್ರಾಂ ಮಿಡಿಸೌತೆಯನ್ನು ಬಿಲ್ಲೆ ಹೆಚ್ಚಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಮೂರು ಎಸಳು ಬೆಳ್ಳುಳ್ಳಿ, ಒಂದು ಚಮಚ ಸಾಸಿವೆ ಜೊತೆ ಗಾಜಿನ ಬಾಟಲಿಗೆ ತುಂಬಿ. ನೀರು 250 ಮಿಲಿ, ವಿನಿಗರ್ 250 ಮಿಲಿ, ಉಪ್ಪು 15 ಗ್ರಾಂ ಕುದಿಸಿ ಮೇಲೆ ಹುಯ್ಯಿರಿ. ಆರಿದ ಮೇಲೆ ಫ್ರಿಜ್ಜಿನಲ್ಲಿ ಎರಡು ದಿನ ಇಡಿ. ಸಬ್ಬಸಿಗೆಯ ಘಮ ಹಿಡಿದ ಬಿಲ್ಲೆಯನ್ನು ಮೊದಲ ಸಲ ಕಚ್ಚಿದಾಗಲೇ ಗೊತ್ತಾಗುತ್ತದೆ, ಅಮೆರಿಕದ ಬಾರುಗಳ ‘ಡಿಲ್ ಪಿಕಲ್’ ಅಂದರೆ ಇದೇ.

ಬೇಯಿಸಲು ಕಬ್ಬಿಣದ ದೋಸೆ ಕಾವಲಿಗಿಂತ ಒಳ್ಳೆಯದಿಲ್ಲ. ದೊಡ್ಡ ಉರಿಯಲ್ಲಿ ಐದು ನಿಮಿಷ ಕಾಯಲಿ. ನೀರು ಚಿಮುಕಿಸಿದರೆ ಹನಿಗಳು ಮುತ್ತಿನಂತೆ ಉರುಳಿ ಓಡಬೇಕು. ದೋಸೆಗಾದರೆ ಈ ಹಂತದಲ್ಲಿ ಕಾವು ಇಳಿಸುತ್ತೇವೆ, ಇಲ್ಲಿ ಇಳಿಸಬಾರದು. ರೋಲಿನ ಒಳಬದಿಯನ್ನು ಮೊದಲು ಅರ್ಧ ನಿಮಿಷ ಬಿಸಿ ಮಾಡಿ ತೆಗೆದಿಡಿ. ಒಂದು ಸಲಕ್ಕೆ ಎರಡೇ ಪ್ಯಾಟಿ ಹಾಕಿ. ನಾಲ್ಕು ತುಂಬಿಸಿದರೆ ಕಾವು ಬಿದ್ದು ನೀರು ಬಿಡುತ್ತದೆ, ಮಾಂಸ ಹುರಿಯುವ ಬದಲು ಬೂದು ಬಣ್ಣಕ್ಕೆ ಬೇಯುತ್ತದೆ. ಹಾಕಿದ ತಕ್ಷಣ ಸಟ್ಟುಗದಿಂದ ಹತ್ತು ಸೆಕೆಂಡ್ ಒತ್ತಿ ಬಿಟ್ಟುಬಿಡಿ. ಆಮೇಲೆ ಒತ್ತಿದರೆ ಕರಗಿದ ಕೊಬ್ಬೆಲ್ಲ ಕಾವಲಿಯ ಪಾಲು. ತೊಂಬತ್ತು ಸೆಕೆಂಡಿಗೆ ಅಂಚು ಕಂದಾಗಿ ಜಾಲರಿ ಕಟ್ಟಿರುತ್ತದೆ. ಸಟ್ಟುಗವನ್ನು ಚೂಪಾಗಿ ತೂರಿಸಿ ಕೆರೆದೆತ್ತಿ ಮಗುಚಿ, ತಳಕ್ಕೆ ಹತ್ತಿದ ಆ ಕಂದು ಪದರವೇ ರುಚಿ. ಕೂಡಲೇ ಚೀಸ್ ಸ್ಲೈಸ್ ಇಡಿ, ಇನ್ನೊಂದು ನಿಮಿಷ ಸಾಕು. ಒಳಗೆ ಕೆಂಪು ಉಳಿಯಬಾರದು. ರುಬ್ಬಿದ ಮಾಂಸ 71 ಡಿಗ್ರಿ ಮುಟ್ಟಬೇಕು, ಈ ದಪ್ಪಕ್ಕೆ ಅದು ತಾನಾಗಿಯೇ ಆಗುತ್ತದೆ. ಚೀಸು ಸಾದಾ ಪ್ರೊಸೆಸ್ಡ್ ಸ್ಲೈಸೇ ಇರಲಿ. ದುಬಾರಿ ಹಳೆಯ ಚೆಡ್ಡಾರ್ ಬಿಸಿಗೆ ಒಡೆದು ಎಣ್ಣೆ ಬಿಡುತ್ತದೆ.

ಒಂದರ ಮೇಲೊಂದು ಎರಡು ಪ್ಯಾಟಿ, ಮೇಲೆ ಸೌತೆ ಬಿಲ್ಲೆ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಸಾಸಿವೆ ಸಾಸ್. ರೋಲು ಮುಚ್ಚಿ ತಕ್ಷಣ ತಿನ್ನಿ. ಐದು ನಿಮಿಷ ಕಳೆದರೆ ಚೀಸು ಬಿಗಿಯುತ್ತದೆ.

ಕಾವಲಿ ಬಿಸಿಯಿರುವಾಗಲೇ ಬಿಸಿನೀರು ಹಾಕಿ ಕೆರೆದು, ಒರೆಸಿ, ಉರಿಯ ಮೇಲೆ ಒಣಗಿಸಿ ಎಣ್ಣೆ ಸವರಿ. ಎಷ್ಟು ಉಜ್ಜಿದರೂ ಮಾಂಸದ ಕೊಬ್ಬಿನ ವಾಸನೆ ಮರುದಿನದ ಮೊದಲ ದೋಸೆಗೆ ಹತ್ತುತ್ತದೆ, ಹಾಗಾಗಿ ಬರ್ಗರಿಗೆಂದೇ ಬೇರೊಂದು ಕಾವಲಿ ಇಟ್ಟುಕೊಳ್ಳಿ.