ಡಬ್ಬಿಗೆ ಎಂಜಲಲ್ಲ, ಕಫ ಬೀಳಬೇಕು: ಹೆಣ್ಣುಮಕ್ಕಳ ಕ್ಷಯ ಪರೀಕ್ಷೆ

ರಾಯಚೂರು ಕಡೆ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಕೆಮ್ಮು ಬಂದರೆ ದೂಳಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ಎರಡು ವಾರ ದಾಟಿದರೆ ಕಫ ಪರೀಕ್ಷೆ ಆಗಲೇಬೇಕು.

ಎಡವಟ್ಟಾಗುವುದು ಡಬ್ಬಿ ಕೈಗೆ ಬಂದಾಗ. ನಾಲ್ಕು ಜನರೆದುರು ಕ್ಯಾಕರಿಸಲು ಸಂಕೋಚ. ತೆಳ್ಳಗಿನ, ನೊರೆನೊರೆ ಎಂಜಲು ಬೀಳುತ್ತದೆ, ರೋಗವಿದ್ದರೂ ವರದಿಯಲ್ಲಿ ‘ಇಲ್ಲ’ ಎಂದು ಬರುತ್ತದೆ. ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಫ ಕೊಡುವ ಕ್ರಮ ಹೇಳಿಕೊಡದ ಹೆಂಗಸರಲ್ಲಿ ಶೇ. 8, ಹೇಳಿಕೊಟ್ಟವರಲ್ಲಿ ಶೇ. 13 ಮಂದಿಗೆ ರೋಗ ಪತ್ತೆಯಾಯಿತು. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಆಶಾ ಕಾರ್ಯಕರ್ತೆಯರೇ, ಅವರನ್ನು ಗಾಳಿಯಾಡುವ, ಮರೆಯಾದ ಬಯಲಿಗೆ ಕರೆದೊಯ್ಯಿರಿ. ಬಾಯಿ ಬರೀ ನೀರಿನಲ್ಲಿ ಮುಕ್ಕಳಿಸಲಿ. ಎರಡು ಸಲ ಉಸಿರು ಆಳವಾಗಿ ಎಳೆದು, ಹಿಡಿದು, ಬಿಡಲಿ. ಮೂರನೆಯದಕ್ಕೆ ಎದೆಯಾಳದಿಂದ ಕೆಮ್ಮಲಿ. ಗಟ್ಟಿಯಾದ, ಲೋಳೆಯಂಥ ಕಫ 2ರಿಂದ 5 ಮಿ.ಲೀ. ಬೇಕು. ಇನ್ನೊಂದು ಮಾದರಿ ಮುಂಜಾನೆ ಎದ್ದ ಕೂಡಲೇ, ಚಹಾಕ್ಕೂ ಮೊದಲು. ಕಫವೇ ಬರದೆ ಕುತ್ತಿಗೆಯಲ್ಲಿ ಗಂಟು ಇದ್ದರೆ ಅಲ್ಲಿಗೇ ಬಿಡಬೇಡಿ, ವೈದ್ಯರಿಗೆ ತೋರಿಸಿ. ಶ್ವಾಸಕೋಶದ ಹೊರಗಿನ ಕ್ಷಯ ಹೆಂಗಸರಲ್ಲಿ ಹೆಚ್ಚು.

ಚಿಕಿತ್ಸೆ ಶುರುವಾದಾಗ ಎರಡು ಮಾತು ಕೇಳಲೇಬೇಕು. ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದಾರೆಯೇ? ಕ್ಷಯದ ಔಷಧ ರಿಫಾಂಪಿಸಿನ್ ಅದರ ಬಲ ಕುಗ್ಗಿಸುತ್ತದೆ, ಕಾಪರ್-ಟಿ ಅಥವಾ ನಿರೋಧ್ ಬೇಕು. ಬಸುರಿಯೇ? ಔಷಧ ನಿಲ್ಲಿಸುವಂತಿಲ್ಲ, ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಮಾತ್ರ ಬೇಡ, ಅದು ಮಗುವಿನ ಕಿವಿ ಕೆಡಿಸುತ್ತದೆ. ಎದೆಹಾಲು ಧಾರಾಳವಾಗಿ ಕೊಡಲಿ.

ಗಂಡಸರದು ಬೇರೆ ಪಾಡು: ಕಫ ಸುಲಭ, ಕುಡಿತ ಮತ್ತು ಗುಳೆಯಿಂದ ಮಾತ್ರೆ ನಡುವೆಯೇ ನಿಲ್ಲುತ್ತದೆ. ಊರು ಬಿಡುವ ಮೊದಲೇ ನಿಕ್ಷಯ್ ಸಂಖ್ಯೆ (ಸರ್ಕಾರದ ಕ್ಷಯರೋಗಿ ನೋಂದಣಿ ಸಂಖ್ಯೆ) ಬರೆದುಕೊಟ್ಟರೆ ಹೋದಲ್ಲೂ ಔಷಧ ಸಿಗುತ್ತದೆ.